ಬೆಳಕಿಂಡಿಯ ಬಿಸಿಲು ಪುಟಕ್ಕಿಳಿದದ್ದು

ಗದಗ ಸೀಮೆಯ ಕಥೆಗೆ ಇಳಿಜಾರು ಹೆಂಚಿನ ಮನೆ, ಪಕ್ಕಕ್ಕೊಂದು ತೆಂಗಿನ ಮರ ಬಿಡಿಸಿಕೊಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ಹಳ್ಳಿ ಅಂದರೆ ಹಾಗೇ ಎಂದು ಎಲ್ಲರ ಕಣ್ಣಿಗೂ ರೂಢಿಯಾಗಿಬಿಟ್ಟಿದೆ. ಆದರೆ ರೋಣ, ನರಗುಂದದ ಎರೆಸೀಮೆಯಲ್ಲಿ ಹಳೆಯ ಮನೆಗಳೆಂದರೆ ಮಾಳಿಗೆ ಮನೆಗಳು. ಮೇಲೆ ಸಪಾಟು ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ, ಹತ್ತಲು ನಿಚ್ಚಣಿಕೆ. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಮೇವು ಹಾಕುವ ಗ್ವಾದಲಿ, ಅದರಾಚೆ ಸ್ವಲ್ಪ ಎತ್ತರಕ್ಕೆ ಪಡಸಾಲೆ. ಅಂಥ ಮನೆಯಲ್ಲಿ ಬೆಳೆದ ಮಗು ತನ್ನ ಮನೆಯನ್ನು ಒಂದು ಪುಸ್ತಕದಲ್ಲೂ ನೋಡದೆ ದೊಡ್ಡದಾಗುತ್ತದೆ. ನಾನೂ ಹಾಗೇ ದೊಡ್ಡವಳಾದೆ. ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸುವ ಕೆಲಸದಲ್ಲಿ ನಾನು ನಿಂತಿರುವುದೇ ಇದಕ್ಕಾಗಿ.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆ ಮುಗಿಸಿ ಗದಗಿನಲ್ಲಿ ಚಿತ್ರಕಲೆ ಕಲಿತೆ. ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರ ಕಟ್ಟಿದ ಊರದು. ಇತ್ತ ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಸ್ಕೂಲ್ ಆಫ್ ಆರ್ಟ್. ಈ ಭಾಗದ ಎಷ್ಟೋ ಚಿತ್ರಕಾರರ ಕೈ ಪಳಗಿದ್ದು ಇಂಥ ಕಡೆಗಳಲ್ಲಿ. ಎದುರಿಗಿದ್ದದ್ದನ್ನು ನೋಡಿ, ಅಳತೆ ಹಿಡಿದು ಬಿಡಿಸುವ ಶಿಸ್ತು ನನಗೆ ಬಂದದ್ದು ಆ ಓದಿನಿಂದ. ಮಕ್ಕಳ ಚಿತ್ರಕ್ಕೆ ಅಷ್ಟೆಲ್ಲ ಯಾಕೆ, ಕಾರ್ಟೂನು ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎತ್ತು ಮಲಗುವಾಗ ಕಾಲು ಹೇಗೆ ಮಡಚುತ್ತದೆ ಎಂದು ಗೊತ್ತಿದ್ದವರಿಗೇ ಅದನ್ನು ನಾಲ್ಕು ಗೆರೆಯಲ್ಲಿ ಮಲಗಿಸಲು ಬರುವುದು.

ಓದು ಮುಗಿದ ಮೇಲೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಗೋಡೆಗಳು: ಅಂಗನವಾಡಿಯವು, ಸರಕಾರಿ ಶಾಲೆಯ ನಲಿ-ಕಲಿ ಕೋಣೆಗಳವು. ನಲಿ-ಕಲಿಯಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಕೂತ ಮಗುವಿನ ಕಣ್ಣು ನನ್ನ ಮೊಣಕಾಲಿನ ಎತ್ತರಕ್ಕಿರುತ್ತದೆ. ಮತ್ತೊಂದು ವರ್ಷ ಅದೇ ಶಾಲೆಗೆ ಹೋದರೆ ಮೇಲಿನ ಬಣ್ಣ ಹಾಗೇ ಇರುತ್ತಿತ್ತು, ಕೆಳಗಿನದು ಕೈಯಾಡಿಸಿ ಆಡಿಸಿ ಸವೆದಿರುತ್ತಿತ್ತು. ಮಕ್ಕಳಿಗೆ ಯಾವುದು ಸೇರಿತು ಎಂದು ಆ ಸವೆದ ಜಾಗ ನೋಡಿ ತಿಳಿದುಕೊಳ್ಳುತ್ತಿದ್ದೆ. ಮೊಟ್ಟೆಯ ಮೇಲೆ ಕೂತ ಕೋಳಿ, ಎಮ್ಮೆಯ ಮೂಗು, ಅಜ್ಜನ ಚಪ್ಪಲಿ. ಇವತ್ತಿಗೂ ಪುಸ್ತಕದ ಚಿತ್ರಕ್ಕೆ ಕೂತಾಗ ನನ್ನ ಕಣ್ಣನ್ನು ಅಷ್ಟೇ ಎತ್ತರಕ್ಕೆ ಇಳಿಸಿಕೊಳ್ಳುತ್ತೇನೆ.

ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಒಂದು ಪುಸ್ತಕ ಹಿಡಿದೇ ಹೇಳುತ್ತೇನೆ. ಲೇಖಕಿಯೊಬ್ಬರ ಕಥೆ: ಅಜ್ಜಿ ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದಾಳೆ, ಮೊಮ್ಮಗಳು ಕೆಳಗೆ ಆಡುತ್ತಿದ್ದಾಳೆ, ಸುಗ್ಗಿಯ ಹೊತ್ತಲ್ಲಿ ಅಕಾಲದ ಮೋಡ ಬರುತ್ತದೆ. ಇಡೀ ಕಥೆ ಒಂದು ಹಾಳೆಗೂ ಕಡಿಮೆ. ಅದನ್ನು 32 ಪುಟಕ್ಕೆ ಹರಡಬೇಕು. ಅಚ್ಚಿನ ಹಾಳೆ ಮಡಚಿದಾಗ 16 ಪುಟವಾಗುತ್ತದೆ, ಅಂಥವು ಎರಡು ಸೇರಿ 32. ಶೀರ್ಷಿಕೆ, ಪ್ರಕಾಶನದ ವಿವರ ಕಳೆದರೆ ಕಥೆಗೆ ಉಳಿಯುವುದು 13–14 ಜೋಡಿಪುಟ. ಮೊದಲು ಕಥೆಯನ್ನು ಜೋರಾಗಿ ಓದುತ್ತೇನೆ. ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ಪುಟ ತಿರುವು. ಆಮೇಲೆ ಒಂದೇ ಹಾಳೆಯಲ್ಲಿ ಅಷ್ಟೂ ಜೋಡಿಪುಟಗಳನ್ನು ಬೆಂಕಿಪೆಟ್ಟಿಗೆಯಷ್ಟು ಸಣ್ಣದಾಗಿ ಗೀಚಿಕೊಳ್ಳುತ್ತೇನೆ. ಮುಖ, ಬಟ್ಟೆ ಏನೂ ಇರುವುದಿಲ್ಲ, ಕತ್ತಲೆ ಎಲ್ಲಿ, ಬೆಳಕು ಎಲ್ಲಿ, ಅಷ್ಟೇ.

ಆ ಹಾಳೆ ನೋಡುತ್ತಿದ್ದಾಗ, ಅರ್ಧ ಕಥೆ ನಡೆಯುವುದು ಒಂದೇ ಪಡಸಾಲೆಯಲ್ಲಿ ಎಂದು ಕಂಡಿತು. ಮಾತಿನಲ್ಲಿ ಹೊತ್ತು ಸರಿಯುತ್ತದೆ, ಚಿತ್ರದಲ್ಲಿ ಸರಿಯುವುದು ಹೇಗೆ? ರೋಣದ ಕಡೆ ಪರಿಚಯದವರ ಮಾಳಿಗೆ ಮನೆಯಿತ್ತು. ಬೆಳಗಿನ ಬಸ್ಸಿಗೆ ಹೋಗಿ ದಿನವಿಡೀ ಅಲ್ಲೇ ಕೂತೆ. ಬೆಳಕಿಂಡಿಯಿಂದ ಬಿದ್ದ ಬಿಸಿಲು ಎಲ್ಲಿದೆ ಎಂದು ಗಂಟೆಗೊಮ್ಮೆ ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಹಾಕಿದೆ. ಮನೆಯ ಹಿರಿಯಮ್ಮ ನೋಡೀ ನೋಡೀ ಕೇಳಿದರು:

“ಏನ್ ಗೀಚಾಕತ್ತೀಯವ್ವಾ ನೆಲದ ಮ್ಯಾಲ?”

“ಬಿಸಲ ಎಲ್ಲೆಲ್ಲಿ ಬರ್ತೈತಿ ನೋಡಾಕತ್ತೀನ್ರೀ ಅಮ್ಮಾ.”

“ಅದರಾಗ ನೋಡೂದೇನೈತಿ? ಒಳಕಲ್ಲಿಗೆ ಬಂತಂದ್ರ ಹೊಲಕ್ಕ ಬುತ್ತಿ ಒಯ್ಯೂ ಹೊತ್ತು. ಆ ಕಂಬಕ್ಕ ಹತ್ತಿತಂದ್ರ ದನಾ ಮನೀಗೆ ಬರೂ ಹೊತ್ತು. ಗಡಿಯಾರ ಯಾರ ಮನ್ಯಾಗಿತ್ತು ಆಗ?”

ನನ್ನ ಪುಸ್ತಕದ ಗಡಿಯಾರ ಅಲ್ಲೇ ಸಿಕ್ಕಿತು. ಮೆಣಸಿನಕಾಯಿ ಸುಗ್ಗಿಯ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ನಡುಮಧ್ಯಾಹ್ನವೂ ಬಿಸಿಲು ಕಿಂಡಿಯ ನೇರ ಕೆಳಗೆ ಬೀಳದೆ ಉತ್ತರಕ್ಕೆ ಸರಿದು ಬೀಳುತ್ತದೆ. ಉತ್ತರದ ಗೋಡೆಗೆ ಮುಖ ಮಾಡಿ ಕೂತರೆ ಬೆಳಿಗ್ಗೆ ಎಡಕ್ಕಿದ್ದ ಬಿಸಿಲಿನ ತುಂಡು ಸಂಜೆಗೆ ಬಲಕ್ಕೆ ಬರುತ್ತದೆ. ಕನ್ನಡ ಓದುವುದೂ ಎಡದಿಂದ ಬಲಕ್ಕೆ! ಒಳಗಿನ ದೃಶ್ಯಗಳನ್ನೆಲ್ಲ ಆ ಗೋಡೆಗೆ ಮುಖಮಾಡಿಯೇ ಜೋಡಿಸಿದೆ. ಪುಟ ತಿರುವಿದಂತೆ ಬಿಸಿಲು ಸರಿಯುತ್ತದೆ, ಕಥೆಯ ಮಾತಿನಲ್ಲಿ ಬಿಸಿಲಿನ ಸುದ್ದಿಯೇ ಇಲ್ಲ. ಮೋಡ ಬಂತು ಎಂಬ ಮಾತು ಬರುವ ಮುಂಚಿನ ಪುಟದಲ್ಲಿ ನೆಲದ ಬಿಸಿಲನ್ನು ಮಾಯ ಮಾಡಿದೆ. ಮಾತು ಹೇಳಿದ್ದನ್ನೇ ಚಿತ್ರ ಮತ್ತೊಮ್ಮೆ ಹೇಳಿದರೆ ಮಗುವಿಗೆ ಹುಡುಕಲು ಏನೂ ಉಳಿಯುವುದಿಲ್ಲ.

ಬಣ್ಣ ಹಚ್ಚುವ ಮೊದಲು ಪೆನ್ಸಿಲ್ ಚಿತ್ರಗಳ ಝೆರಾಕ್ಸ್ ತೆಗೆಸಿ, ಮಡಚಿ, ದಾರ ಹಾಕಿ ಕಚ್ಚಾಪುಸ್ತಕ ಹೊಲಿಯುತ್ತೇನೆ. ಅದನ್ನು ಹಿಡಿದು ಎರಡನೇ ತರಗತಿಯ ಮಕ್ಕಳ ನಡುವೆ ಕೂತೆ. ಬಿಸಿಲಿಲ್ಲದ ಪುಟಕ್ಕೆ ಬಂದು ಸುಮ್ಮನಾದೆ. ಒಬ್ಬ ಹುಡುಗಿ ನೆಲದ ಮೇಲೆ ಬೆರಳಿಟ್ಟಳು: “ಅಕ್ಕೋರ, ಬಿಸಲ ಎಲ್ಲಿ ಹೋತ್ರೀ?” ಹಿಂದಿನಿಂದ ಒಬ್ಬ, “ಮ್ವಾಡ ಆಗೈತಿ!” ಇನ್ನೊಬ್ಬ ಎದ್ದೇ ನಿಂತ: “ಅಯ್ಯ, ಮ್ಯಾಲ ಮೆಣಸಿನಕಾಯಿ ಅದಾವ!” ಓದಲು ಇನ್ನೂ ತಡವರಿಸುವ ಮಕ್ಕಳು ಕಥೆಯನ್ನು ನನಗಿಂತ ಮೊದಲೇ ಓದಿಬಿಟ್ಟಿದ್ದರು. ಆ ಪುಟವನ್ನು ಆಮೇಲೆ ನಾನು ಮುಟ್ಟಲಿಲ್ಲ.

ಕನ್ನಡ ಅಕ್ಷರಕ್ಕೆ ಜಾಗ ಬಿಡುವುದೂ ಚಿತ್ರಕಾರರದೇ ಕೆಲಸ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಇರುವುದರಿಂದ ಸಾಲುಗಳ ನಡುವೆ ಅಂತರ ಹೆಚ್ಚು ಬೇಕು. ಇಂಗ್ಲಿಷಿಗೆ ಸಾಕಾದ ಜಾಗದಲ್ಲಿ ಕನ್ನಡ ಉಸಿರುಗಟ್ಟುತ್ತದೆ. ನಾನು ಮೊದಲ ಗೀಚಿನಲ್ಲೇ ಸಾಲುಗಳನ್ನು ಕೈಯಿಂದ ಬರೆದು ಜಾಗ ಕಾಯ್ದಿಡುತ್ತೇನೆ. ಅಕ್ಷರಗಳನ್ನು ಚಿತ್ರದೊಳಗೆ ಸೇರಿಸದೆ ಬೇರೆ ಪದರದಲ್ಲಿ, ಬರೀ ಕಪ್ಪಿನಲ್ಲಿ ಇಡಬೇಕು. ಪುಸ್ತಕ ಮುಂದೆ ಮರಾಠಿಗೋ ತೆಲುಗಿಗೋ ಹೋದರೆ ಅಚ್ಚಿಗೆ ಬಣ್ಣಕ್ಕೊಂದರಂತೆ ಇರುವ ಪ್ಲೇಟುಗಳಲ್ಲಿ ಕಪ್ಪಿನದೊಂದನ್ನೇ ಬದಲಿಸಿದರಾಯಿತು. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬುದನ್ನು ಆಯ್ಕೆ ಮಾಡದಿದ್ದರೆ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಪುಟ ಜೋಡಿಸುವವರಿಗೆ ಇದನ್ನು ಮೊದಲೇ ಹೇಳಿಡುತ್ತೇನೆ.

ಬಣ್ಣ ನನಗೆ ಕಾಗದದ ಮೇಲೇ ಆಗಬೇಕು: 300 ಜಿಎಸ್‌ಎಂನ ದಪ್ಪ ಕಾಗದ, ಜಲವರ್ಣ, ಅಲ್ಲಲ್ಲಿ ಪೋಸ್ಟರ್ ಕಲರ್. ಧಾರವಾಡದ ಮಳೆಗಾಲದಲ್ಲಿ ಒಂದು ಪದರ ಒಣಗುವಷ್ಟರಲ್ಲಿ ಬೆಳಗು ಹೋಗಿ ಮಧ್ಯಾಹ್ನವಾಗಿರುತ್ತದೆ. ಅದಕ್ಕೇ ಆ ತಿಂಗಳುಗಳನ್ನು ಪೆನ್ಸಿಲ್ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಎರೆಮಣ್ಣಿಗೆ ಟ್ಯೂಬಿನ ಕಪ್ಪು ಹಚ್ಚುವುದಿಲ್ಲ. ಒಣಗಿ ಬಿರಿದಾಗ ಅದು ಬೂದಿ, ನೆನೆದಾಗ ಕಪ್ಪುಗಂದು. ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಎರಡೂ ಸಿಗುತ್ತವೆ, ನೀರು ಎಷ್ಟು ಎಂಬುದರ ಮೇಲೆ. ಅಚ್ಚಿನಲ್ಲಿ ಕಡುಬಣ್ಣಗಳು ಇನ್ನಷ್ಟು ಮಂಕಾಗುವುದರಿಂದ ಬೇಕಾದದ್ದಕ್ಕಿಂತ ಒಂದು ಛಾಯೆ ತಿಳಿಯಾಗಿಯೇ ಇಡುತ್ತೇನೆ. ಬ್ಯಾಡಗಿಯ ಕಡುಗೆಂಪಿಗೆ ಮಾತ್ರ ಅಚ್ಚಿನ ಪ್ರೂಫ್, ಅಂದರೆ ಮೊದಲು ತೆಗೆದ ಮಾದರಿ ಹಾಳೆ, ನೋಡಿಯೇ ಒಪ್ಪಿಗೆ ಕೊಟ್ಟೆ, ಕಂಪ್ಯೂಟರ್ ಪರದೆಯ ಕೆಂಪನ್ನು ನಂಬುವಂತಿಲ್ಲ. ಉಳಿದದ್ದು ಈ ಕೆಲಸದವರಿಗೆಲ್ಲ ಗೊತ್ತಿರುವುದೇ: ಸುತ್ತ 3 ಮಿ.ಮೀ. ಬ್ಲೀಡ್ (ಅಂಚು ಕತ್ತರಿಸುವಾಗ ಹೋಗಲೆಂದು ಪುಟದಾಚೆಗೂ ಚಾಚಿದ ಚಿತ್ರ), ಎರಡು ಪುಟ ಕೂಡುವ ನಡುಗೆರೆಯಲ್ಲಿ ಯಾರ ಮುಖವೂ ಬರಬಾರದು.

ಮಾಳಿಗೆಯ ಬದಲು ಹೆಂಚಿನ ಮಾಡು ಹಾಕಿ, ಎಲ್ಲ ಜಿಲ್ಲೆಯ ಮಕ್ಕಳಿಗೂ ಗುರುತು ಸಿಗಲಿ ಎಂಬ ಸೂಚನೆ ನಡುವೆ ಬಂದಿತ್ತು. ಮೈಸೂರಿನ ಮಗುವೂ ಒಮ್ಮೆ ರೋಣದ ಮನೆ ನೋಡಲಿ ಎಂದೆ. ಬಿಸಿಲಿನ ಪುಟಗಳನ್ನು ತೋರಿಸಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ನನ್ನನ್ನು ಬಣ್ಣ, ಬ್ರಷ್ಷಿನ ಬಗ್ಗೆ ಕೇಳುತ್ತಾರೆ, ಕರಾರಿನ ಬಗ್ಗೆ ಕೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಹೋಗುತ್ತದೆ. ಹಾಗಾಗಿ ಹಕ್ಕು ಯಾರದು, ಮರುಮುದ್ರಣಕ್ಕೆ ಏನು, ಬೇರೆ ಭಾಷೆಗೆ ಹೋದರೆ ಏನು ಎಂಬುದನ್ನು ಕೆಲಸಕ್ಕೆ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಮೂಲಚಿತ್ರಗಳನ್ನು ವಾಪಸ್ ಕೊಡಬೇಕು ಎಂಬ ಸಾಲನ್ನೂ ಸೇರಿಸಿ. ನಾನು ನನ್ನವನ್ನು ತಂದು ಶಾಲೆಗಳಿಗೆ ಒಯ್ಯುತ್ತೇನೆ. ಅಚ್ಚಾದ ಪುಟದ ಪಕ್ಕಕ್ಕಿಟ್ಟರೆ ಮಕ್ಕಳು ಬಣ್ಣ ಎಲ್ಲೆಲ್ಲಿ ಬದಲಾಗಿದೆ ಎಂದು ಹುಡುಕಿ ಹೇಳುತ್ತಾರೆ, ಮುಂದಿನ ಪುಸ್ತಕದ ಪ್ರೂಫ್ ತಿದ್ದುವಾಗ ಅದು ನನಗೆ ಬೇಕಾಗುತ್ತದೆ.