ನಾಯಿಯ ಡ್ರೈ ಫುಡ್ ಕೊಳ್ಳುವ ಮೊದಲು ಚೀಲ ತಿರುಗಿಸಿ ಓದಿ

ನಾನು ದಾವಣಗೆರೆ ಕಡೆಯ ಒಂದು ಕೋಳಿ ಫೀಡ್ ಮಿಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮೆಕ್ಕೆಜೋಳ, ಸೋಯಾ ಹಿಂಡಿ, ಮೀನಿನ ಪುಡಿ ಹೊತ್ತ ಲಾರಿ ಗೇಟಿಗೆ ಬಂದರೆ ಮೊದಲು ಸ್ಯಾಂಪಲ್ ನನ್ನ ಟೇಬಲ್ಲಿಗೆ ಬರುತ್ತದೆ. ಅದು ಪಾಸಾದ ಮೇಲೆಯೇ ಚೀಲ ಇಳಿಯುವುದು. ಮನೆಯಲ್ಲಿ ಎರಡು ನಾಯಿಗಳಿವೆ. ಒಂದು ಲ್ಯಾಬ್ರಡಾರ್, ಜೂಲಿ. ಇನ್ನೊಂದು ಬೀದಿಯಿಂದ ಬಂದು ನಮ್ಮವನೇ ಆಗಿಬಿಟ್ಟ ಕೆಂಚ. ಇವರ ಬಟ್ಟಲಿಗೆ ಬೀಳುವ ಡ್ರೈ ಫುಡ್ ಕಾಳಿನಲ್ಲಿ ಇರುವುದು ಬಹುಪಾಲು ನಾನು ದಿನಾ ಕೈಯಲ್ಲಿ ಹಿಡಿದು ನೋಡುವ ಸಾಮಾನೇ. ಅದಕ್ಕೇ ಯಾರಾದರೂ ‘ಯಾವ ಬ್ರ್ಯಾಂಡ್ ತಗೊಳ್ಳಲಿ?’ ಅಂತ ಕೇಳಿದರೆ ನಾನು ಹೆಸರು ಹೇಳುವುದಿಲ್ಲ. ಚೀಲ ತಿರುಗಿಸಿ ನೋಡಿ ಅಂತೀನಿ. ಅಲ್ಲಿ ಏನು ನೋಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ‘ಕಂಪ್ಲೀಟ್’ ಎಂಬ ಮಾತು ಹುಡುಕಿ. ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂದಿದ್ದರೆ ಬೇರೆ ಏನನ್ನೂ ಸೇರಿಸದೆ ಅದೊಂದನ್ನೇ ಕೊಟ್ಟು ನಾಯಿ ಸಾಕಬಹುದು ಎಂದು ಕಂಪನಿ ಹೇಳುತ್ತಿದೆ. ‘ಕಾಂಪ್ಲಿಮೆಂಟರಿ’ ಎಂದೋ ‘ಟ್ರೀಟ್’ ಎಂದೋ ಇದ್ದರೆ ಅದು ತಿಂಡಿ, ಊಟ ಅಲ್ಲ. ಯಾವ ವಯಸ್ಸಿಗೆ ಎಂಬುದೂ ಪಕ್ಕದಲ್ಲೇ ಇರಬೇಕು. ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಎಎಎಫ್‌ಸಿಒ ಎಂಬ ಸಂಸ್ಥೆಯ ಪ್ರಕಾರ, ತೇವ ಬಿಟ್ಟು ಲೆಕ್ಕ ಹಾಕಿದರೆ ಬೆಳೆದ ನಾಯಿಯ ಆಹಾರದಲ್ಲಿ ಕನಿಷ್ಠ ಶೇ 18 ಪ್ರೋಟೀನ್, ಶೇ 5.5 ಕೊಬ್ಬು ಇರಬೇಕು. ಬೆಳೆಯುವ ಮರಿಗೆ, ಗಬ್ಬದ ನಾಯಿಗೆ, ಹಾಲು ಕುಡಿಸುವ ನಾಯಿಗೆ ಶೇ 22.5 ಪ್ರೋಟೀನ್, ಶೇ 8.5 ಕೊಬ್ಬು. ಇದು ಕನಿಷ್ಠ ಮಾತ್ರ. ಇದಕ್ಕಿಂತ ಕಡಿಮೆ ಇರುವ ಚೀಲ ಕಂಡರೆ ಮುಂದೆ ಓದುವ ಕೆಲಸವೇ ಇಲ್ಲ, ವಾಪಸ್ ಇಟ್ಟುಬಿಡಿ.

ಆಮೇಲೆ ಸಾಮಾನಿನ ಪಟ್ಟಿ. ಯಾವುದು ಹೆಚ್ಚು ತೂಕ ಹಾಕಿದ್ದಾರೋ ಅದು ಮೊದಲು ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಈ ತೂಕ ಬೇಯಿಸುವ ಮೊದಲಿನದು. ಹಸಿ ಚಿಕನ್‌ನಲ್ಲಿ ಸುಮಾರು ಶೇ 70 ನೀರು. ಕಾಳಾಗಿ ಹೊರಬರುವಷ್ಟರಲ್ಲಿ ಆ ನೀರು ಬಹುಪಾಲು ಹೋಗಿರುತ್ತದೆ. ಹಾಗಾಗಿ ‘ಚಿಕನ್’ ಮೊದಲ ಹೆಸರಾಗಿದ್ದು ಅದರ ಹಿಂದೆಯೇ ಮೆಕ್ಕೆಜೋಳ, ಅಕ್ಕಿ, ಗೋಧಿ ಸಾಲಾಗಿ ನಿಂತಿದ್ದರೆ ಕಾಳಿನಲ್ಲಿ ನಿಜವಾಗಿ ಜಾಸ್ತಿ ಇರುವುದು ಧಾನ್ಯವೇ. ‘ಚಿಕನ್ ಮೀಲ್’ ಅಂದರೆ ಬೇಯಿಸಿ, ಕೊಬ್ಬು ತೆಗೆದು, ಒಣಗಿಸಿ ಪುಡಿ ಮಾಡಿದ್ದು. ಆ ಹೆಸರು ಕಂಡು ಜನ ಮೂಗು ಮುರಿಯುತ್ತಾರೆ. ಆದರೆ ನೀರು ಹೋಗಿರುವುದರಿಂದ ಒಂದು ಕೆಜಿ ಮೀಲ್‌ನಲ್ಲಿ ಒಂದು ಕೆಜಿ ಹಸಿ ಚಿಕನ್‌ಗಿಂತ ಎಷ್ಟೋ ಜಾಸ್ತಿ ಪ್ರೋಟೀನ್ ಇರುತ್ತದೆ. ಯಾವ ಪ್ರಾಣಿಯದು ಎಂದು ಹೆಸರು ಹೇಳಿದ್ದರೆ ನನಗೆ ಸಮಾಧಾನ. ‘ಚಿಕನ್ ಮೀಲ್’, ‘ಫಿಶ್ ಮೀಲ್’ ಅಂದರೆ ಸರಿ. ಸುಮ್ನೆ ‘ಮೀಟ್ ಅಂಡ್ ಬೋನ್ ಮೀಲ್’, ‘ಅನಿಮಲ್ ಪ್ರೋಟೀನ್’ ಅಂದರೆ ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಹಾಕಲು ದಾರಿ ಬಿಟ್ಟುಕೊಂಡ ಹಾಗೆ.

ಇನ್ನೊಂದು ಕೈಚಳಕವೂ ಇದೆ. ಮೆಕ್ಕೆಜೋಳವನ್ನು ಒಂದೇ ಹೆಸರಿನಲ್ಲಿ ಬರೆದರೆ ಅದು ಪಟ್ಟಿಯ ತಲೆಗೆ ಬಂದುಬಿಡುತ್ತದೆ. ಹಾಗಾಗಿ ‘ಕಾರ್ನ್’, ‘ಕಾರ್ನ್ ಗ್ಲುಟೆನ್’ (ಅದರ ಪ್ರೋಟೀನ್ ಭಾಗ), ‘ಮೇಜ್ ಫ್ಲೋರ್’ ಎಂದು ಮೂರು ತುಂಡು ಮಾಡಿ ಬರೆದರೆ ಒಂದೊಂದೂ ಕೆಳಕ್ಕೆ ಇಳಿಯುತ್ತದೆ. ಓದುವಾಗ ನೀವು ಮೂರನ್ನೂ ಕೂಡಿಸಿಕೊಂಡೇ ಓದಿ.

ಪ್ರೋಟೀನ್ ಸಂಖ್ಯೆ ಬಗ್ಗೆ

ಎಲ್ಲರೂ ನೋಡುವುದು ಇದೊಂದನ್ನೇ. ಶೇ 20 ಇದ್ದರೆ ಸಾಧಾರಣ, ಶೇ 28 ಇದ್ದರೆ ಬಹಳ ಒಳ್ಳೇದು ಅನ್ನುತ್ತಾರೆ. ಆ ಸಂಖ್ಯೆ ಹೇಗೆ ಬರುತ್ತದೆ ಎಂದು ನಾನು ದಿನಾ ನೋಡುವುದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು.

ಚೀಲದ ಮೇಲೆ ‘ಕ್ರೂಡ್ ಪ್ರೋಟೀನ್’ ಅಂತಿರುತ್ತದೆ. ಲ್ಯಾಬಿನಲ್ಲಿ ನಾವು ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಒಂದಿಷ್ಟು ಪುಡಿಯನ್ನು ಗಟ್ಟಿ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಹಾಕಿ, ಕಪ್ಪು ಕರಗಿ ತಿಳಿಯಾಗುವ ತನಕ ಕುದಿಸುತ್ತೇವೆ. ಆಮೇಲೆ ಅದರಲ್ಲಿ ಎಷ್ಟು ನೈಟ್ರೋಜನ್ ಇದೆ ಎಂದು ಕಂಡುಹಿಡಿದು, ಅದನ್ನು 6.25ರಿಂದ ಗುಣಿಸುತ್ತೇವೆ. ಬರುವ ಸಂಖ್ಯೆಯೇ ಕ್ರೂಡ್ ಪ್ರೋಟೀನ್. ನೈಟ್ರೋಜನ್ ಮಾಂಸದಿಂದ ಬಂತೋ, ಕೋಳಿ ಪುಕ್ಕದಿಂದ ಬಂತೋ, ಸೋಯಾದಿಂದ ಬಂತೋ ಈ ಪರೀಕ್ಷೆಗೆ ಗೊತ್ತಾಗುವುದಿಲ್ಲ. ಅದು ನಾಯಿಯ ಹೊಟ್ಟೆಯಲ್ಲಿ ಜೀರ್ಣ ಆಗುತ್ತದೋ ಇಲ್ಲವೋ ಎಂಬುದೂ ಗೊತ್ತಾಗುವುದಿಲ್ಲ.

ನಮ್ಮ ರೈತರಿಗೆ ಯೂರಿಯಾ ಚೀಲದ ಮೇಲಿನ 46 ಚೆನ್ನಾಗಿ ಗೊತ್ತು. ಶೇ 46 ನೈಟ್ರೋಜನ್. ಅದನ್ನು 6.25ರಿಂದ ಗುಣಿಸಿ ನೋಡಿ, 287 ದಾಟುತ್ತದೆ. ಅಂದರೆ ನೂರು ಕೆಜಿ ಮೀನಿನ ಪುಡಿಗೆ ಒಂದೇ ಕೆಜಿ ಯೂರಿಯಾ ಬೆರೆಸಿದರೂ ಕಾಗದದ ಮೇಲೆ ಪ್ರೋಟೀನ್ ಎರಡೂವರೆ ಅಂಶದ ಹತ್ತಿರ ಮೇಲೇರುತ್ತದೆ. ಈ ಕಲಬೆರಕೆ ಫೀಡ್ ಧಂಧೆಯಲ್ಲಿ ಹಳೇದು. ಅದಕ್ಕೇ ನಾವು ಯೂರಿಯಾಕ್ಕೆ ಬೇರೆಯದೇ ಪರೀಕ್ಷೆ ಮಾಡುತ್ತೇವೆ. 2007ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಆದದ್ದೂ ಇದೇ ಜಾತಿಯ ಮೋಸ. ಚೀನಾದಿಂದ ಬಂದ ಗೋಧಿ ಗ್ಲುಟೆನ್‌ಗೆ ಮೆಲಮಿನ್ ಬೆರೆಸಿದ್ದರು. ಅದು ಪ್ಲಾಸ್ಟಿಕ್ ತಯಾರಿಗೆ ಬಳಸುವ ರಾಸಾಯನಿಕ, ತುಂಬಾ ನೈಟ್ರೋಜನ್ ಇರುವಂಥದ್ದು. ಪರೀಕ್ಷೆಯಲ್ಲಿ ಪ್ರೋಟೀನ್ ಚೆನ್ನಾಗಿ ಕಂಡಿತು. ಅದನ್ನು ತಿಂದ ನಾಯಿ, ಬೆಕ್ಕುಗಳ ಕಿಡ್ನಿ ಕೆಟ್ಟು ಎಷ್ಟೋ ಸತ್ತವು. ಎಷ್ಟೋ ಬ್ರ್ಯಾಂಡ್‌ಗಳು ಮಾಲನ್ನು ಅಂಗಡಿಗಳಿಂದ ವಾಪಸ್ ತರಿಸಿಕೊಳ್ಳಬೇಕಾಯಿತು.

ಹಾಗಾಗಿ ಪ್ರೋಟೀನ್ ಎಷ್ಟು ಎಂದು ನೋಡಿದ ಕೂಡಲೇ ಎಲ್ಲಿಂದ ಬಂತು ಎಂದು ಪಟ್ಟಿಗೆ ವಾಪಸ್ ಹೋಗಿ. ಚಿಕನ್, ಮೀನು, ಮೊಟ್ಟೆ ಮೊದಲ ಮೂರು ನಾಲ್ಕು ಹೆಸರುಗಳಲ್ಲಿದ್ದು ಶೇ 22 ಇರುವ ಚೀಲವನ್ನು, ಬರೀ ಗ್ಲುಟೆನ್ ಬಲದ ಮೇಲೆ ಶೇ 28 ತೋರಿಸುವ ಚೀಲಕ್ಕಿಂತ ನಾನು ಮೇಲಿಡುತ್ತೇನೆ.

ಇದರ ಜೊತೆಗೆ ‘ಆ್ಯಶ್’ ಎಂಬ ಸಂಖ್ಯೆ ಕೊಟ್ಟಿದ್ದಾರಾ ನೋಡಿ. ಕಾಳನ್ನು ಪೂರ್ತಿ ಸುಟ್ಟ ಮೇಲೆ ಉಳಿಯುವ ಬೂದಿ ಅದು. ಅದರಲ್ಲಿ ಇರುವುದು ಕ್ಯಾಲ್ಸಿಯಂ, ರಂಜಕದಂಥ ಖನಿಜ. ಶೇ 7-8 ಇರುವುದು ಮಾಮೂಲು. 10 ದಾಟಿದರೆ ಮಾಂಸಕ್ಕಿಂತ ಮೂಳೆ ಜಾಸ್ತಿ ಹಾಕಿರುವ ಸಂಶಯ ಬರುತ್ತದೆ.

ದಿನದ ಖರ್ಚು ಲೆಕ್ಕ ಹಾಕಿ

ಕೆಜಿಗೆ ಎಷ್ಟು ಎಂದು ಕೇಳಿ ಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಡಾಗ್ ಫುಡ್‌ಗೆ ದಿನಕ್ಕೆ ಎಷ್ಟು ಎಂಬ ಲೆಕ್ಕವೇ ಸರಿ. ಬಹಳ ಚೀಲಗಳ ಮೇಲೆ ಕ್ಯಾಲೊರಿ ಬರೆದಿರುವುದಿಲ್ಲ. ನೀವೇ ಕಂಡುಕೊಳ್ಳಬಹುದು. ನೂರರಲ್ಲಿ ಪ್ರೋಟೀನ್, ಕೊಬ್ಬು, ನಾರು, ತೇವ, ಬೂದಿ ಕಳೆಯಿರಿ. ಬೂದಿ ಬರೆದಿಲ್ಲದಿದ್ದರೆ 8 ಎಂದಿಟ್ಟುಕೊಳ್ಳಿ. ಉಳಿದದ್ದು ಪಿಷ್ಟ. ಆಮೇಲೆ ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿ. ನೂರು ಗ್ರಾಂ ಕಾಳಿನ ಕ್ಯಾಲೊರಿ ಹೆಚ್ಚುಕಡಿಮೆ ಸಿಗುತ್ತದೆ.

ಪ್ರೋಟೀನ್ 20, ಕೊಬ್ಬು 10, ನಾರು 5, ತೇವ 12, ಬೂದಿ 8 ಇರುವ ಒಂದು ಚೀಲ ತಗೊಳ್ಳಿ. ಪಿಷ್ಟ 45 ಉಳಿಯಿತು. ನೂರು ಗ್ರಾಂಗೆ ಸುಮಾರು 312 ಕ್ಯಾಲೊರಿ. ಇನ್ನೊಂದರಲ್ಲಿ ಪ್ರೋಟೀನ್ 26, ಕೊಬ್ಬು 16, ನಾರು 3, ತೇವ 10, ಬೂದಿ 8. ಪಿಷ್ಟ 37, ಸುಮಾರು 356 ಕ್ಯಾಲೊರಿ. ಕೆಂಚನ ಹಾಗೆ 20 ಕೆಜಿ ತೂಗುವ, ಸಂತಾನಹರಣ ಆಪರೇಶನ್ ಆಗಿರುವ ನಾಯಿಗೆ ದಿನಕ್ಕೆ ಸುಮಾರು 1050 ಕ್ಯಾಲೊರಿ ಸಾಕು. ಮೊದಲನೇ ಕಾಳು 337 ಗ್ರಾಂ ಬೇಕು, ಎರಡನೇದು 295 ಗ್ರಾಂ. ಮೊದಲನೇದು ಕೆಜಿಗೆ 220 ರೂಪಾಯಿ, ಎರಡನೇದು 300 ಅಂತಿಟ್ಟುಕೊಂಡರೆ ದಿನಕ್ಕೆ 74 ರೂಪಾಯಿ, 88 ರೂಪಾಯಿ. ಅಂಗಡಿಯಲ್ಲಿ 80 ರೂಪಾಯಿ ವ್ಯತ್ಯಾಸ ಅಂತ ಕಂಡದ್ದು ಬಟ್ಟಲಿಗೆ ಬರುವಾಗ 14 ರೂಪಾಯಿ ಆಯಿತು. ಅಷ್ಟು ಹೆಚ್ಚು ಕೊಡಲು ಆಗುತ್ತದಾ ಎಂದು ನಿಮ್ಮ ಜೇಬು ನೋಡಿ ತೀರ್ಮಾನಿಸಿ.

ಚೀಲದ ಮೇಲಿನ ಅಳತೆಯನ್ನು ಕಣ್ಣು ಮುಚ್ಚಿ ಹಾಕಬೇಡಿ. ಅದು ಶುರು ಮಾಡಲು ಅಷ್ಟೇ. ಪಕ್ಕೆಲುಬಿನ ಮೇಲೆ ಕೈ ಆಡಿಸಿದರೆ ಎಲುಬು ಸುಲಭವಾಗಿ ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಲ್ಯಾಬ್ರಡಾರ್ ಎಷ್ಟು ಹಾಕಿದರೂ ತಿನ್ನುತ್ತದೆ, ಜೂಲಿಗೆ ನಾನು ತಕ್ಕಡಿಯಲ್ಲಿ ತೂಗಿಯೇ ಹಾಕುವುದು. ಮುಧೋಳ ನಾಯಿ ಸಾಕಿದವರಿಗೆ ಇದರ ತಿರುಗಾಮುರುಗಾ ಮಾತು ಕೇಳಬೇಕಾಗುತ್ತದೆ. ‘ಏನ್ರೀ, ಹೊಟ್ಟೆಗೆ ಹಾಕಲ್ವಾ?’ ಅಂತ. ಅದರ ಮೈಕಟ್ಟೇ ಹಾಗೆ, ಓಡಲು ಹುಟ್ಟಿದ ನಾಯಿ. ಹಿಂದಿನ ಒಂದೆರಡು ಪಕ್ಕೆಲುಬು ಕಂಡರೆ ಹೆದರಿ ಜಾಸ್ತಿ ಹಾಕಬೇಡಿ.

ದೊಡ್ಡ ತಳಿಯ ಮರಿ ತಂದವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಮರಿಗಳಿಗೆ ‘ಲಾರ್ಜ್ ಬ್ರೀಡ್ ಪಪ್ಪಿ’ ಎಂದಿರುವುದನ್ನೇ ತನ್ನಿ. ಅಂಥ ಮರಿಗಳ ಆಹಾರದಲ್ಲಿ ಕ್ಯಾಲ್ಸಿಯಂ ಶೇ 1.2ರಿಂದ 1.8ರ ಒಳಗೆ ಇರಬೇಕು. ಅದರ ಮೇಲೆ ಕ್ಯಾಲ್ಸಿಯಂ ಸಿರಪ್ ಕುಡಿಸುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಮೂಳೆ ಗಟ್ಟಿ ಆಗಲಿ ಅಂತ ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಎಳೆ ಮರಿಗೆ ಬೇಡದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇರುವುದಿಲ್ಲ, ಮೂಳೆ ಸೊಟ್ಟ ಬೆಳೆಯುತ್ತದೆ. ಕಂಪ್ಲೀಟ್ ಆಹಾರ ಕೊಡುತ್ತಿದ್ದರೆ, ಡಾಕ್ಟರ್ ನೋಡಿ ಬರೆದುಕೊಡದ ಹೊರತು ಸಿರಪ್ ಮುಟ್ಟಬೇಡಿ.

‘ಗ್ರೇನ್ ಫ್ರೀ’ ಚೀಲಕ್ಕೆ ಜಾಸ್ತಿ ದುಡ್ಡು ಕೊಡುವ ಅಗತ್ಯ ನನಗೆ ಕಂಡಿಲ್ಲ. ನಾಯಿ ತೋಳದ ಹಾಗೆ ಅಲ್ಲ, ಮನುಷ್ಯರ ಜೊತೆ ಬದುಕಿ ಬದುಕಿ ಪಿಷ್ಟ ಜೀರ್ಣಿಸುವುದನ್ನು ಕಲಿತಿದೆ. ನಮ್ಮೂರ ನಾಯಿಗಳು ಮುದ್ದೆ, ಅನ್ನ ತಿಂದೇ ಬೆಳೆದವಲ್ವಾ? ಧಾನ್ಯದ ಬದಲು ಬಟಾಣಿ, ಬೇಳೆ, ಆಲೂಗಡ್ಡೆ ತುಂಬಿದ ಆಹಾರಕ್ಕೂ ನಾಯಿಗಳ ಹೃದಯದ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡಿತು. ನಂಟು ಪೂರ್ತಿ ಸಾಬೀತಾಗಿಲ್ಲ. ಆದರೂ ಕಾರಣ ಇಲ್ಲದೆ ಆ ದಾರಿ ಯಾಕೆ? ಮನೆಯಲ್ಲಿ ಮಾಂಸ ತರದವರು ಸಸ್ಯಾಹಾರಿ ಡಾಗ್ ಫುಡ್ ತರಬಹುದು, ಅದೂ ‘ಕಂಪ್ಲೀಟ್’ ಆಗಿದ್ದರೆ ನಾಯಿಗೆ ನಡೆಯುತ್ತದೆ. ಬೆಕ್ಕಿಗೆ ನಡೆಯುವುದಿಲ್ಲ.

ಲೂಸ್ ಕಾಳು ಬೇಡ

ಅಂಗಡಿಗಳಲ್ಲಿ ದೊಡ್ಡ ಚೀಲ ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕೆಜಿ, ಎರಡು ಕೆಜಿ ಕಟ್ಟಿ ಮಾರುತ್ತಾರೆ. ಅಗ್ಗ ಸಿಗುತ್ತದೆ ನಿಜ. ಆದರೆ ಯಾವಾಗ ತಯಾರಾದದ್ದು, ಚೀಲ ಎಂದು ಬಿಚ್ಚಿದರು ಎಂಬುದಕ್ಕೆ ಯಾವ ಗುರುತೂ ಇಲ್ಲ. ಕಾಳು ಬೆಂದ ಮೇಲೆ ಅದರ ಮೈಗೆ ಕೊಬ್ಬು ಸವರುತ್ತಾರೆ. ಗಾಳಿ ತಾಗಿದ ದಿನದಿಂದ ಆ ಕೊಬ್ಬು ಹಾಳಾಗಲು ಶುರು. ಒಂದು ಹಿಡಿ ತೆಗೆದು ಮೂಸಿ ನೋಡಿ. ಹಳೇ ಎಣ್ಣೆಯ ಕಮಟು ವಾಸನೆ ಬಂದರೆ ಬೇಡ. ರಾತ್ರಿ ಬಾಯಿ ತೆರೆದಿಟ್ಟ ಚೀಲದ ಮೇಲೆ ಇಲಿ ಓಡಾಡುತ್ತದೆ, ಇಲಿ ಮೂತ್ರದಿಂದ ನಾಯಿಗೆ ಇಲಿಜ್ವರ ಬರಬಹುದು.

ಇದಕ್ಕಿಂತ ನನಗೆ ಹೆಚ್ಚು ಭಯ ಇರುವುದು ಬೂಷ್ಟಿನದು. ಮಿಲ್ಲಿಗೆ ಬರುವ ಮೆಕ್ಕೆಜೋಳದಲ್ಲಿ ತೇವ ಶೇ 14ಕ್ಕಿಂತ ಜಾಸ್ತಿ ಇದ್ದರೆ ನಾವು ತಕರಾರು ತೆಗೆಯುತ್ತೇವೆ. ತೇವ ಇದ್ದಲ್ಲಿ ಬೂಷ್ಟು ಬರುತ್ತದೆ, ಬೂಷ್ಟು ಬಂದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಆಗಬಹುದು. ಅದು ಲಿವರ್ ಹಾಳು ಮಾಡುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಇಂಥ ಡಾಗ್ ಫುಡ್ ತಿಂದು ನಾಯಿಗಳು ಸತ್ತವು. ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ‘ಪ್ರತಿ ಬ್ಯಾಚಿಗೂ ಅಫ್ಲಾಟಾಕ್ಸಿನ್ ಟೆಸ್ಟ್ ಮಾಡ್ತೀರಾ? ಸ್ವಂತ ಫ್ಯಾಕ್ಟರಿಯಾ? ಈ ಆಹಾರ ರೂಪಿಸಿದವರು ಯಾರು?’ ಎಂದು ಕೇಳಿ. ನಂಬರ್ ಚೀಲದ ಮೇಲೆಯೇ ಇರುತ್ತದೆ. ನೇರ ಉತ್ತರ ಕೊಡುವವರ ಮಾಲು ಕೊಳ್ಳಿ.

ಮನೆಗೆ ತಂದ ಮೇಲೂ ಚೀಲ ಬಿಸಾಡಬೇಡಿ. ಚೀಲದ ಸಮೇತ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಡಿ, ಬ್ಯಾಚ್ ನಂಬರ್ ಕೈಯಲ್ಲಿರುತ್ತದೆ. ಬಿಚ್ಚಿದ ಮೇಲೆ ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳಲ್ಲಿ ಮುಗಿಯುವಷ್ಟು ದೊಡ್ಡ ಚೀಲ ಮಾತ್ರ ತನ್ನಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇನ್ನೂ ಸಣ್ಣದು ತಂದರೆ ಒಳ್ಳೇದು.

ಹೊಸ ಕಾಳಿಗೆ ಒಂದೇ ದಿನ ಬದಲಾಯಿಸಬೇಡಿ. ಮೊದಲು ಕಾಲು ಭಾಗ ಬೆರೆಸಿ, ಎರಡು ಮೂರು ದಿನ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು. ವಾರ, ಹತ್ತು ದಿನ ತಗೊಳ್ಳಲಿ. ಕುಡಿಯುವ ನೀರು ಯಾವಾಗಲೂ ಪಕ್ಕದಲ್ಲಿರಲಿ, ಒಣ ಕಾಳಿನಲ್ಲಿ ತೇವ ಶೇ 10ರ ಆಸುಪಾಸು ಅಷ್ಟೇ. ಬದಲಾಯಿಸಿದ ಮೇಲೆ ಮಲ ನೋಡಿ. ಗಟ್ಟಿಯಾಗಿ, ಕಡಿಮೆಯಾಗಿ, ಎತ್ತಿದರೆ ನೆಲಕ್ಕೆ ಅಂಟದೆ ಬಂದರೆ ತಿಂದದ್ದು ಮೈಗೆ ಹತ್ತುತ್ತಿದೆ. ದೊಡ್ಡ ರಾಶಿ, ಮೆತ್ತಗೆ, ಕೆಟ್ಟ ನಾತ ಇದ್ದರೆ ಬಹಳಷ್ಟು ಹಾಗೇ ಹೊರಗೆ ಬರುತ್ತಿದೆ ಎಂದರ್ಥ. ಕೂದಲಿನ ಹೊಳಪು, ಕಿವಿ-ಪಾದದ ತುರಿಕೆ ಗೊತ್ತಾಗಲು ಆರರಿಂದ ಎಂಟು ವಾರ ಬೇಕು, ಅಲ್ಲಿಯ ತನಕ ಮತ್ತೆ ಬ್ರ್ಯಾಂಡ್ ಬದಲಿಸಬೇಡಿ. ನಡುವೆ ವಾಂತಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕಣ್ಣು ಹಳದಿಯಾದರೆ ಕಾಯಬಾರದು. ಆ ಕಾಳು ನಿಲ್ಲಿಸಿ, ಒಂದು ಹಿಡಿ ಕಾಳನ್ನೂ ಬ್ಯಾಚ್ ನಂಬರ್ ಇರುವ ಚೀಲವನ್ನೂ ತಗೊಂಡು ಅವತ್ತೇ ಪಶುವೈದ್ಯರ ಹತ್ತಿರ ಹೋಗಿ.