ಸ್ವಲ್ಪ ಎಡಕ್ಕೆ ಹೊರಳಿ

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿದವರು ಪರದೆಯ ಕಡೆ ಕತ್ತು ತಿರುಗಿಸಿ, "ಡಾಕ್ಟರೇ, ನಮಗೇನೂ ಗೊತ್ತಾಗುತ್ತಿಲ್ಲವಲ್ಲ" ಎನ್ನುತ್ತಾರೆ. ರೇಡಿಯಾಲಜಿ ಕಲಿಯಲು ಸೇರಿದ ಮೊದಲ ವಾರಗಳಲ್ಲಿ ನನಗೂ ಏನೂ ಗೊತ್ತಾಗುತ್ತಿರಲಿಲ್ಲ. ಇದು ಪಿತ್ತಕೋಶ, ಇದು ಮೂತ್ರಪಿಂಡ ಎಂದು ಹಿರಿಯರು ತೋರಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ, ಕಾಣುತ್ತಿದ್ದದ್ದು ಬರೀ ಬೂದು ಮಂಜು.

ಮೈಮೇಲೆ ಆಡಿಸುವ ಪ್ರೋಬ್ ಎಂಬ ಉಪಕರಣ ಕ್ಯಾಮೆರಾ ಅಲ್ಲ, ಕಿವಿ ಎಂದು ಅರ್ಥವಾದ ಮೇಲೆ ಮಂಜು ಕರಗತೊಡಗಿತು. ಅದರೊಳಗೆ ವಿದ್ಯುತ್ ತಾಗಿದರೆ ಕಂಪಿಸುವ ಹರಳುಗಳಿವೆ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳ ಸದ್ದಿನವರೆಗೆ ಕೇಳಿಸುತ್ತದೆ. ಹೊಟ್ಟೆ ನೋಡುವಾಗ ನಾವು ಬಳಸುವುದು 20ರಿಂದ 50 ಲಕ್ಷ ಕಂಪನಗಳ ಸದ್ದು. ಪ್ರೋಬ್ ಕ್ಷಣದ ಚೂರಿನಷ್ಟು ಹೊತ್ತು ಕೂಗಿ, ಉಳಿದ ಹೊತ್ತೆಲ್ಲ ಮರುದನಿಗೆ ಕಿವಿಗೊಡುತ್ತದೆ. ದೇಹದೊಳಗೆ ಸದ್ದು ಸೆಕೆಂಡಿಗೆ 1,540 ಮೀಟರ್ ಓಡುತ್ತದೆ ಎಂದು ಇಟ್ಟುಕೊಂಡು, ಮರುದನಿ ಎಷ್ಟು ತಡವಾಯಿತೋ ಅದರಿಂದ ಆಳವನ್ನು, ಎಷ್ಟು ಬಲವಾಗಿದೆಯೋ ಅದರಿಂದ ಚುಕ್ಕಿಯ ಹೊಳಪನ್ನು ಯಂತ್ರ ಲೆಕ್ಕ ಹಾಕುತ್ತದೆ. ಮೂತ್ರ, ಪಿತ್ತರಸದಂಥ ದ್ರವದೊಳಗಿನಿಂದ ಮರುದನಿ ಬರುವುದಿಲ್ಲ, ಹಾಗಾಗಿ ಅವು ಕಪ್ಪು. ಎಕ್ಸ್‌ರೇ ಇಲ್ಲಿಲ್ಲ.

ಈ ಸದ್ದಿಗೆ ಗಾಳಿಯೇ ಗೋಡೆ. ತಣ್ಣಗೆ ಬೆಚ್ಚಿಬೀಳಿಸುವ ಆ ಜೆಲ್ ಔಷಧವಲ್ಲ. ಚರ್ಮಕ್ಕೂ ಪ್ರೋಬ್‌ಗೂ ನಡುವಿನ ಗಾಳಿಯನ್ನು ಓಡಿಸುವುದಷ್ಟೇ ಅದರ ಕೆಲಸ. ನಾನು ಹೊಟ್ಟೆಯನ್ನು ಒತ್ತುವುದೂ ಕರುಳಿನ ಗಾಳಿಯನ್ನು ಸರಿಸಲಿಕ್ಕೆ. ನೋವಿರುವ ಜಾಗದಲ್ಲಿ ಒತ್ತಿದರೆ ನೋಯುತ್ತದೆ, ಅದನ್ನು ಹೇಳಿಬಿಡಿ: ಎಲ್ಲಿ ನೋಯುತ್ತದೆ ಎಂಬುದೂ ನನಗೆ ಬೇಕಾದ ಸುಳಿವು. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ತಳ್ಳಿ ಗರ್ಭಕೋಶಕ್ಕೆ ಕಿಟಕಿಯಾಗುತ್ತದೆ. ಒಮ್ಮೆ ನಾನೇ ರೋಗಿಯಾಗಿ, ನೀರು ಕುಡಿದು ಸರದಿಗೆ ಕಾದು ಕುಳಿತಿದ್ದೆ. ಅಂದಿನಿಂದ, ಮೂತ್ರಕೋಶ ತುಂಬಿದೆ ಎಂದು ಯಾರಾದರೂ ಬಾಗಿಲಲ್ಲಿ ಇಣುಕಿದರೆ ಅವರನ್ನು ಮೊದಲು ಒಳಗೆ ಕರೆಯುತ್ತೇನೆ.

ಪಿತ್ತಕೋಶ ನೋಡಬೇಕಾದರೆ ಸಾಮಾನ್ಯವಾಗಿ ಆರರಿಂದ ಎಂಟು ಗಂಟೆ ಉಪವಾಸ. ಊಟ ಮಾಡಿದರೆ ಅದು ಪಿತ್ತರಸ ಸುರಿದು ಕುಗ್ಗಿಬಿಡುತ್ತದೆ. ಕಲಿಯುವ ದಿನಗಳಲ್ಲಿ ಹೀಗೆ ಉಪವಾಸ ಬಂದಿದ್ದ ಒಬ್ಬರ ಪಿತ್ತಕೋಶದಲ್ಲಿ ಪುಟ್ಟ ಬಿಳಿ ಚುಕ್ಕಿ ಕಂಡಿತು. ಕಲ್ಲಾದರೆ ಸದ್ದನ್ನು ತಡೆದು ಹಿಂದೆ ಕಪ್ಪು ನೆರಳು ಚೆಲ್ಲುತ್ತದೆ, ಇಲ್ಲಿ ನೆರಳಿರಲಿಲ್ಲ. ಗೋಡೆಯಿಂದ ಬೆಳೆದ ಪುಟ್ಟ ಗಂಟು, ಅಂದರೆ ಪಾಲಿಪ್ ಎಂದು ಧೈರ್ಯವಾಗಿ ಬರೆದುಕೊಂಡೆ. ಹಿರಿಯರು ನನ್ನ ಟಿಪ್ಪಣಿ ಓದಿ, ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ಪ್ರೋಬ್ ಇಟ್ಟರು. ಚುಕ್ಕಿ ತಣ್ಣಗೆ ಉರುಳಿಕೊಂಡು ಕೆಳಗೆ ಹೋಗಿ ಕುಳಿತಿತು. ಪಾಲಿಪ್ ಉರುಳುವುದಿಲ್ಲ. ತೀರಾ ಸಣ್ಣ ಕಲ್ಲಿಗೆ ನೆರಳು ಬೀಳದೆಯೂ ಇರಬಹುದು ಎಂಬುದನ್ನು ನಾನು ಓದಿದ್ದೆ, ಕೈಗೆ ಮಾತ್ರ ಇಳಿದಿರಲಿಲ್ಲ. ಹಿರಿಯರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಇಂದಿಗೂ "ಹೊರಳಿ", "ಉಸಿರು ಎಳೆದು ಹಿಡಿಯಿರಿ" ಎಂದು ಸತಾಯಿಸುತ್ತಲೇ ಇರುತ್ತೇನೆ. ಉಸಿರೆಳೆದರೆ ಪಕ್ಕೆಲುಬಿನ ಮರೆಯಲ್ಲಿರುವ ಯಕೃತ್ತು ಕೆಳಗಿಳಿದು ಸಿಗುತ್ತದೆ. ಅಳತೆ ತೆಗೆಯುವಾಗ ನನ್ನ ಮಾತು ನಿಲ್ಲುತ್ತದೆ. ಆ ಮೌನಕ್ಕೆ ಹೆದರಿ ಕಣ್ಣು ತುಂಬಿಕೊಂಡವರನ್ನು ಕಂಡ ಮೇಲೆ, "ಈಗ ಅಳೆಯುತ್ತಿದ್ದೇನೆ" ಎಂದು ಮೊದಲೇ ಹೇಳುವ ರೂಢಿ ಮಾಡಿಕೊಂಡಿದ್ದೇನೆ. ರಕ್ತದ ಹರಿವು ನೋಡಲು ಡಾಪ್ಲರ್ ಹಾಕಿದಾಗ ಕಾಣುವ ಕೆಂಪು, ನೀಲಿಗೂ ಗಾಬರಿ ಬೇಡ. ರಕ್ತ ಪ್ರೋಬ್‌ನತ್ತ ಹರಿಯುತ್ತಿದೆಯೋ ದೂರ ಹೋಗುತ್ತಿದೆಯೋ ಎಂದು ತೋರಿಸಲು ಯಂತ್ರ ಬಳಿಯುವ ಬಣ್ಣ ಅದು.

ಎಷ್ಟು ಒತ್ತಿದರೂ ಕೆಲವೊಮ್ಮೆ ಮೇದೋಜ್ಜೀರಕ ಗ್ರಂಥಿ ಗಾಳಿಯ ಹಿಂದೆಯೇ ಅಡಗಿರುತ್ತದೆ. ಆಗ ಒಂದು ಲೋಟ ನೀರು ಕುಡಿಸಿ, ತುಂಬಿದ ಹೊಟ್ಟೆಯ ಮೂಲಕವೇ ಇಣುಕುತ್ತೇನೆ. ಆದರೂ ಸಿಗದಿದ್ದರೆ "ಗಾಳಿಯಿಂದಾಗಿ ಕಾಣಲಿಲ್ಲ" ಎಂದು ಬರೆಯುತ್ತೇನೆ. ಅದನ್ನು "ಸರಿಯಾಗಿದೆ" ಎಂದು ಓದಿಕೊಳ್ಳಬೇಡಿ. ನಿಮ್ಮನ್ನು ಕಳಿಸಿದ ವೈದ್ಯರಿಗೆ ಆ ಸಾಲನ್ನೇ ತೋರಿಸಿ.