ಬರೋಲೋದ ಒಗರಿಗೆ ಬೆಣ್ಣೆ

ಇಟಲಿಯ ಟುರಿನ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಆಸೆಪಟ್ಟು ಒಂದು ಬಾಟಲಿ ಬರೋಲೋ, ಅಂದರೆ ಈ ಕಡೆಯ ಕೆಂಪು ವೈನ್, ತಂದಿದ್ದೆ. ಅವತ್ತು ಮನೆಯಲ್ಲಿ ಖಾರವಾದ ಕೋಳಿ ಸಾರು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಕೂತೆ. ಒಂದೇ ಗುಟುಕಿಗೆ ನಾಲಿಗೆ ಒಣಗಿತು. ಸಾರಿನ ಖಾರ ಏರಿತು, ವೈನ್ ಕಹಿಯಾಯಿತು.

ನಾಲಿಗೆ ಒಣಗಿಸುವುದು ಟ್ಯಾನಿನ್. ನಮ್ಮ ಮಾತಲ್ಲಿ ಒಗರು. ಎಳೆ ಅಡಿಕೆ, ನೇರಳೆ ತಿಂದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಮ್ಮ ಬಾಳೆಹೂವನ್ನು ಹೆಚ್ಚಿ ಮಜ್ಜಿಗೆಯಲ್ಲಿ ಹಾಕಿಡುತ್ತಿದ್ದರು. ಮಜ್ಜಿಗೆಯ ಪ್ರೋಟೀನ್ ಒಗರನ್ನು ಹಿಡಿದುಕೊಳ್ಳುತ್ತದೆ. ಬರೋಲೋಗೂ ಇದೇ ಲೆಕ್ಕ ಅಂತ ನನಗೆ ಹೊಳೆದದ್ದು ಬರೋಲೋ ತಯಾರಾಗುವ ಊರುಗಳಲ್ಲೊಂದಾದ ಲಾ ಮೊರಾದ ಒಂದು ಪುಟ್ಟ ಹೋಟೆಲಿನಲ್ಲಿ.

ಅಲ್ಲಿ ತಾಯರಿನ್ ಬಡಿಸಿದರು. ಮೊಟ್ಟೆಯ ಹಳದಿ ಜಾಸ್ತಿ ಹಾಕಿ ಕಲಸಿದ, ಶಾವಿಗೆಯಂಥ ಪಾಸ್ತಾ. ಮೇಲೆ ಬೆಣ್ಣೆ, ಸೇಜ್ ಎಲೆ, ತುರಿದ ಚೀಸ್, ಅಷ್ಟೇ. ಪಕ್ಕದಲ್ಲಿ ಬರೋಲೋ. ಬಣ್ಣ ಎಷ್ಟು ತಿಳಿ ಅಂದರೆ, ಗ್ಲಾಸಿನ ಹಿಂದೆ ಹಿಡಿದ ಬೆರಳು ಕಾಣುತ್ತಿತ್ತು. ಅಂಚಿನಲ್ಲಿ ಇಟ್ಟಿಗೆ ಕೆಂಪು. ಮೂಗಿಗೆ ಒಣಗಿದ ಗುಲಾಬಿ, ಅದರ ಹಿಂದೆಯೇ ಸಣ್ಣಗೆ ಡಾಂಬರಿನ ವಾಸನೆ. ಒಂದು ತುತ್ತು ತಿಂದು ಗುಟುಕರಿಸಿದೆ. ಒಗರು ಬೆಣ್ಣೆಯಲ್ಲಿ ಕರಗಿದ ಹಾಗಾಯಿತು, ಬಾಯಲ್ಲಿ ಹಣ್ಣಿನ ರುಚಿ ಉಳಿಯಿತು.

ಇದು ಬರೋಲೋ ಮಾಡುವ ನೆಬ್ಬಿಯೋಲೋ ದ್ರಾಕ್ಷಿಯ ಗುಣ. ತಡವಾಗಿ ಹಣ್ಣಾಗುವ ಜಾತಿ. ಅದು ಬೆಳೆಯುವ ಇಲ್ಲಿನ ಲಾಂಗೆ ಗುಡ್ಡಗಳಲ್ಲಿ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ, ಮಂಜು ಕವಿಯುವ ಹೊತ್ತಿಗೆ ಕೊಯ್ಲು. ಒಗರೂ ಹುಳಿಯೂ ಎರಡೂ ಜಾಸ್ತಿ. ಅದಕ್ಕೇ ಬರೋಲೋವನ್ನು ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಅನ್ನುವ ನಿಯಮವಿದೆ. ಅದೇ ದ್ರಾಕ್ಷಿಯ ಇನ್ನೊಂದು ವೈನ್ ಬಾರ್ಬರೆಸ್ಕೋಗೆ 26 ತಿಂಗಳು ಸಾಕು. ಊರಿಂದ ಊರಿಗೂ ಗುಣ ಬೇರೆ: ಲಾ ಮೊರಾದ್ದು ಮೆದು, ಸೆರಲುಂಗಾದ್ದು ಗಡಸು. ಗಡಸು ಬಾಟಲಿ ತಂದರೆ ನಾನು ಊಟಕ್ಕೆ ಎರಡು ಗಂಟೆ ಮುಂಚೆಯೇ, ಗಾಳಿಯಾಡಲಿ ಅಂತ, ಜಗ್ಗಿಗೆ ಸುರಿದಿಡುತ್ತೇನೆ. ಇಲ್ಲಿನವರು ಅದನ್ನು ಬ್ರಸಾತೋ ಜೊತೆ ಕುಡಿಯುತ್ತಾರೆ. ಅದು ವೈನಿನಲ್ಲೇ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ. ಮಾಂಸ ತಿನ್ನದ ಗೆಳೆಯರು ಬಂದರೆ ನಾನು ಆಲೂಗಡ್ಡೆಯ ನ್ಯೋಕ್ಕಿ, ಅಂದರೆ ಬೇಯಿಸಿದ ಪುಟ್ಟ ಉಂಡೆ, ಮಾಡಿ, ಮೇಲೆ ಕಾಸ್ತೆಲ್ಮಾಞೋ ಚೀಸ್ ಕರಗಿಸಿ ಹಾಕುತ್ತೇನೆ.

ಟೊಮೇಟೊ ಅಡುಗೆಗಾದರೆ ಬರ್ಬೇರಾ, ಇಲ್ಲಿನದೇ ಇನ್ನೊಂದು ಕೆಂಪು ವೈನ್. ಅದರಲ್ಲಿ ಹುಳಿ ಜಾಸ್ತಿ, ಒಗರು ಕಡಿಮೆ. ದೋಲ್ಚೆತ್ತೋ ಅನ್ನುವ ವೈನ್ ದಿನನಿತ್ಯದ ಊಟಕ್ಕೆ.

ಕೋಳಿ ಸಾರಿನ ದಿನ ಈಗಲೂ ಬರುತ್ತದೆ. ಅವತ್ತು ಖಾರ ಒಂದು ಚಮಚ ಕಮ್ಮಿ, ತೆಂಗಿನಹಾಲು ಸ್ವಲ್ಪ ಜಾಸ್ತಿ. ಬರ್ಬೇರಾವನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯುತ್ತೇನೆ.